ಯಾರಿಗೂ ಹೇಳುವ ಮುನ್ನ

ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ, ಸಂಜೆಯಾದರೆ ಯಾರು ಎಲ್ಲಿಗೆ ಹೋಗುತ್ತಾರೆಂಬುದು ಓಣಿಗೆಲ್ಲ ಗೊತ್ತು. ಅದೇ ಮನುಷ್ಯ ಕುಡಿತ ಬಿಡಬೇಕೆಂದು ತಾಲ್ಲೂಕು ಆಸ್ಪತ್ರೆಗೆ ಬಂದರೆ, ಚೀಟಿ ಮಾಡಿಸುವ ಸಾಲಿನಲ್ಲೇ ಬೀಗರ ಕಡೆಯವರು ಸಿಗುತ್ತಾರೆ. ಕುಡಿಯುವಾಗ ಇಲ್ಲದ ನಾಚಿಕೆ ಬಿಡುವಾಗ ಕಾಲಿಗೆ ತೊಡರುತ್ತದೆ. ಅದಕ್ಕೇ ಈ ಅಧ್ಯಾಯ ಆಸ್ಪತ್ರೆಗೂ ಹಿಂದಿನ ಹೆಜ್ಜೆಯದು: ಒಬ್ಬರೇ ಕೂತು, ಯಾರಿಗೂ ತೋರಿಸದೆ, ತಮ್ಮ ಚಟವನ್ನು ತಾವೇ ನೋಡಿಕೊಳ್ಳುವುದು.

ನಾಲ್ಕು ಜನರೆದುರು ಚಟ ಬಿಡುವ ದಾರಿ ನಮ್ಮ ಸೀಮೆಗೆ ಹೊಸದಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ದೊಡ್ಡ ಕೆಲಸ ಅದು. ಆದರೆ ಜೋಳಿಗೆಗೆ ಹಾಕುವ ಮೊದಲು ತನ್ನ ಬಳಿ ಇರುವುದೇನು, ಎಷ್ಟು ಎಂಬುದು ಗೊತ್ತಿರಬೇಕಲ್ಲ.

ಕುಡಿತದ ಚಟ ಗುರುತಿಸಲೆಂದು 1984ರಲ್ಲಿ ಅಮೆರಿಕದ ವೈದ್ಯ ಜಾನ್ ಯೂಯಿಂಗ್ ನಾಲ್ಕೇ ಪ್ರಶ್ನೆಗಳನ್ನು ಪ್ರಕಟಿಸಿದರು. ಕಡಿಮೆ ಮಾಡಬೇಕೆಂದು ಎಂದಾದರೂ ಅನಿಸಿದೆಯೇ? ಯಾರಾದರೂ ಕುಡಿತದ ಮಾತೆತ್ತಿದರೆ ಸಿಟ್ಟು ಬಂದಿದೆಯೇ? ಕುಡಿದದ್ದಕ್ಕೆ ಒಳಗೊಳಗೇ ತಪ್ಪೆನಿಸಿದೆಯೇ? ಬೆಳಗ್ಗೆ ಎದ್ದೊಡನೆ ಕೈ ನಡುಕ ನಿಲ್ಲಿಸಲು ಬೇಕಾಗಿದೆಯೇ? ಎರಡಕ್ಕೆ ಹೌದೆಂದರೆ ವೈದ್ಯರು ನೋಡಬೇಕಾದ ವಿಷಯ. ನನ್ನ ಮಟ್ಟಿಗೆ ಎರಡನೆಯದು ಬಹಳ ನಿಜ ಹೇಳುವ ಪ್ರಶ್ನೆ. ಹೆಂಡತಿಯ ಮೇಲೆ ಎಗರಾಡಿದ್ದು ನೆನಪಾದರೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ.

ಆಮೇಲೆ ಅಳತೆ. ‘ದಿನಾ ಎರಡ ಪಾಕೀಟ ಅಷ್ಟರೀ’ ಎನ್ನುವವರು ಬಹಳ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಈಗ ಅಗ್ಗದ್ದೆಂದರೆ 90 ಎಂಎಲ್ ವಿಸ್ಕಿ ಪಾಕೀಟು. ಅದರಲ್ಲಿ ನೂರಕ್ಕೆ 42.8 ಪಾಲು ಮದ್ಯಸಾರ, ತೂಕದಲ್ಲಿ ಸುಮಾರು 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಒಂದು ‘ಡ್ರಿಂಕ್’ ಎಂದು ಎಣಿಸುವುದು 10 ಗ್ರಾಂ. ಅಲ್ಲಿಗೆ ಎರಡು ಪಾಕೀಟೆಂದರೆ ಆರು. ಇದೇ ಸಂಸ್ಥೆಯ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಒಟ್ಟು 40 ಅಂಕ. 8 ಮುಟ್ಟಿದರೆ ಎಚ್ಚರ, 20 ಮುಟ್ಟಿದರೆ ದೇಹ ಮದ್ಯಕ್ಕೆ ಒಗ್ಗಿಹೋಗಿರಬಹುದು.

ಎಷ್ಟು ಎಂಬುದರ ಪಕ್ಕದಲ್ಲಿ ಯಾವಾಗ ಎಂಬುದನ್ನೂ ಬರೆದಿಡಿ. ಗೋವಿನಜೋಳ ಮಾರಿ ರೊಕ್ಕ ಬಂದ ದಿನವೋ, ಸಾಲದವರು ಬಂದುಹೋದ ದಿನವೋ, ನಿದ್ದೆ ಬಾರದ ರಾತ್ರಿಯೋ. ಖುಷಿಗೆಂದು ಶುರುವಾದದ್ದು ಈಗ ಯಾವುದಕ್ಕೆ ಬೇಕಾಗಿದೆ ಎಂಬುದು ನಾಲ್ಕು ವಾರದ ಪುಟಗಳಲ್ಲಿ ತಾನಾಗಿ ಕಾಣುತ್ತದೆ.

ತಂಬಾಕಿನ ಲೆಕ್ಕ ಚಿಕ್ಕದು: ಎದ್ದು ಎಷ್ಟು ಹೊತ್ತಿಗೆ ಮೊದಲ ಸಲ ಬೇಕಾಗುತ್ತದೆ? ಚಹಾಕ್ಕೂ ಮೊದಲೇ ಆದರೆ ಹಿಡಿತ ಗಟ್ಟಿಯಾಗಿದೆ. ಸವಣೂರಿನ ವೀಳ್ಯದೆಲೆ ಹೆಸರುವಾಸಿ, ಎಲೆಯ ತಪ್ಪೇನಿಲ್ಲ. ಆದರೆ ಅದರ ಜೊತೆ ಜಗಿಯುವ ಅಡಿಕೆ, ತಂಬಾಕಿಲ್ಲದಿದ್ದರೂ, ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಹಲ್ಲಿಗೆ ತಂಬಾಕಿನ ಪುಡಿ ತಿಕ್ಕುವ ತಾಯಂದಿರನ್ನು ಯಾರೂ ಚಟದವರೆನ್ನುವುದಿಲ್ಲ. ಎದ್ದು ಎಷ್ಟು ಹೊತ್ತಿಗೆ ಬೇಕಾಗುತ್ತದೆಂದು ಅವರೂ ಕೇಳಿಕೊಳ್ಳಲಿ.

ಒಂದನ್ನು ಮಾತ್ರ ಒಬ್ಬರೇ ಮಾಡಬೇಡಿ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಹಟಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಬುದ್ಧಿಭ್ರಮಣೆಯಾಗಬಹುದು. ಜೀವಕ್ಕೇ ಅಪಾಯ. ಬಿಡುವುದು ವೈದ್ಯರ ಕಣ್ಣೆದುರಿಗೇ ಆಗಲಿ.

ಮುಖ ತೋರಿಸಲು ಇನ್ನೂ ಮನಸ್ಸಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಶಿಗ್ಗಾವಿಯಿಂದ ಹುಬ್ಬಳ್ಳಿ ದಾಟಿದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾಗುವ ಮನೋವ್ಯಾಧಿಗಳನ್ನೂ ಒಳಗೊಂಡಿದ್ದು, ರೋಗಿಯ ವಿಷಯವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ಹೋಗುವಾಗ ಬರೆದಿಟ್ಟ ಹಾಳೆಗಳನ್ನು ಒಯ್ಯಿರಿ. ದಿನಕ್ಕೆಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ ಎಂದು ಡಾಕ್ಟರು ಮೊದಲು ಕೇಳುವುದು ಅದನ್ನೇ.