ನಿರಾಶ್ರಿತನ ರಕ್ಷಣೆ: ಅಂತರರಾಷ್ಟ್ರೀಯ ನ್ಯಾಯವೂ ನಮ್ಮ ನೆರೆಹೊರೆಯೂ

ಶಂಶಾಬಾದಿನ ವಿಮಾನನಿಲ್ದಾಣದಲ್ಲಿ ಇಳಿಯುವ ಪರದೇಶೀಯನನ್ನು ಅಧಿಕಾರಿಗಳು ಮೊದಲು ಕೇಳುವುದು ಪಾಸ್‌ಪೋರ್ಟು, ವೀಸಾಗಳನ್ನು. ಅದೇ ರಂಗಾರೆಡ್ಡಿ ಜಿಲ್ಲೆಯ ಬಾಲಾಪುರದ ಗುಡಿಸಲುಗಳಲ್ಲಿ ಇವೆರಡೂ ಇಲ್ಲದೆ ಗಡಿ ದಾಟಿ ಬಂದ ರೋಹಿಂಗ್ಯಾ ಕುಟುಂಬಗಳು ವಾಸಿಸುತ್ತಿವೆ. ಬರ್ಮಾದ ೧೯೮೨ರ ಪೌರತ್ವ ಕಾನೂನು ಈ ಜನರನ್ನು ಪ್ರಜೆಗಳ ಗಣನೆಯಿಂದ ಹೊರಗಿಟ್ಟಿತು. ೨೦೧೨ರ ಗಲಭೆಗಳೂ ೨೦೧೭ರ ಸೈನಿಕ ಕಾರ್ಯಾಚರಣೆಯೂ ಇವರನ್ನು ನೆಲೆಗೆಡಿಸಿದುವು. ಪಾಸ್‌ಪೋರ್ಟು ಕೊಡಬೇಕಾದ ರಾಜ್ಯವೇ ಹೊರದೂಡಿದವನಿಂದ ಪಾಸ್‌ಪೋರ್ಟನ್ನು ಕೇಳುವುದೆಂತು? ನಿರಾಶ್ರಿತರ ನ್ಯಾಯಶಾಸ್ತ್ರವು ಈ ಪ್ರಶ್ನೆಯಿಂದಲೇ ಹುಟ್ಟಿತೆನ್ನಬಹುದು. ೧೯೨೨ರಲ್ಲಿ ನಾನ್ಸೆನ್ ಮಹಾಶಯರು ರಷ್ಯದ ನಿರಾಶ್ರಿತರಿಗಾಗಿ ಏರ್ಪಡಿಸಿದ ಪ್ರಯಾಣಪತ್ರವು ಇದಕ್ಕೆ ದೊರೆತ ಮೊದಲ ಉತ್ತರಗಳಲ್ಲೊಂದು.

೧೯೫೧ರ ಜುಲೈ ೨೮ರಂದು ಜಿನೀವಾ ನಗರದಲ್ಲಿ ಅಂಗೀಕೃತವಾದ ಒಡಂಬಡಿಕೆಯು ಜನಾಂಗ, ಮತ, ರಾಷ್ಟ್ರೀಯತೆ, ಸಾಮಾಜಿಕ ವರ್ಗ ಅಥವಾ ರಾಜಕೀಯ ಅಭಿಪ್ರಾಯಗಳ ಕಾರಣದಿಂದ ಹಿಂಸೆಗೊಳಗಾಗುವ ಸಾಧಾರ ಭೀತಿಯುಳ್ಳವನನ್ನು ನಿರಾಶ್ರಿತನೆಂದು ಕರೆಯುತ್ತದೆ. ಅದರ ಜೀವಾಳವಿರುವುದು ೩೩ನೆಯ ವಿಧಿಯಲ್ಲಿ: ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ನೆಲಕ್ಕೆ ಯಾರನ್ನೂ ಮರಳಿ ನೂಕಬಾರದು. ರಾಷ್ಟ್ರದ ಭದ್ರತೆಗೆ ಸಂಬಂಧಿಸಿದ ಅಪವಾದವು ಅಲ್ಲಿಯೇ ಉಂಟು. ೧೯೫೧ಕ್ಕೆ ಹಿಂದಿನ ಘಟನೆಗಳಿಗೆ ಮಾತ್ರವೆಂಬ ಮಿತಿಯನ್ನು ೧೯೬೭ರ ಪೂರಕ ಒಪ್ಪಂದವು ತೆಗೆದುಹಾಕಿತು. ಭಾರತವು ಇವೆರಡಕ್ಕೂ ಸೇರಿಲ್ಲ. ಆದರೂ ಮರಳಿ ನೂಕದಿರುವ ನಿಯಮವು ರೂಢಿಯಿಂದ ಎಲ್ಲ ರಾಷ್ಟ್ರಗಳನ್ನೂ ಕಟ್ಟುತ್ತದೆಂಬುದು ಅನೇಕ ನ್ಯಾಯವೇತ್ತರ ಮತ.

ನಮ್ಮಲ್ಲಿ ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಬಾಲಾಪುರದವರ ಕೈಯಲ್ಲಿರುವುದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರರ ಕಚೇರಿಯು ಕೊಡುವ ಕಾರ್ಡು. ಅದು ವೀಸಾ ಅಲ್ಲ, ವಾಸದ ಹಕ್ಕನ್ನೂ ಕೊಡದು. ೧೯೪೬ರ ವಿದೇಶೀಯರ ಅಧಿನಿಯಮದ ಸ್ಥಾನದಲ್ಲಿ ೨೦೨೫ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದ ಹೊಸ ಅಧಿನಿಯಮದಂತೆ, ಪತ್ರಗಳಿಲ್ಲದೆ ದೇಶವನ್ನು ಹೊಕ್ಕವನಿಗೆ ಐದು ವರ್ಷಗಳವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಅದರೊಡನೆಯೇ ಹೊರಟ ವಿನಾಯಿತಿಯ ಆಜ್ಞೆಯಲ್ಲಿ ಟಿಬೆಟನ್ನರೂ ಶ್ರೀಲಂಕೆಯ ತಮಿಳರೂ, ಕೆಲವು ನಿಬಂಧನೆಗಳೊಡನೆ, ಸೇರಿದ್ದಾರೆ. ರೋಹಿಂಗ್ಯಾ ಜನರ ಉಲ್ಲೇಖವಿಲ್ಲ.

ಟಿಬೆಟನ್ನರ ಕಥೆಯನ್ನು ಕನ್ನಡಿಗರು ಬಲ್ಲರು. ೧೯೬೦ರ ಸುಮಾರಿಗೆ ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅವರಿಗೆ ಭೂಮಿಯನ್ನು ಕೊಟ್ಟಿತು. ೧೯೬೬ರಲ್ಲಿ ಮುಂಡಗೋಡಿನ ನೆಲೆಯಾಯಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆದು ಅವರು ಊರುಗಳನ್ನೇ ಕಟ್ಟಿದರು. ನಾವು ಹೆಮ್ಮೆಪಡತಕ್ಕ ಕಾರ್ಯವಿದು, ಸಂದೇಹವಿಲ್ಲ. ಆದರೆ ಬೈಲಕುಪ್ಪೆಗೂ ಆಧಾರವಾದುದು ನಿರಾಶ್ರಿತರ ಕಾನೂನಲ್ಲ, ಸರ್ಕಾರದ ಸಂಕಲ್ಪ. ಅದೇ ಸಂಕಲ್ಪವು ಬಾಲಾಪುರದವರ ವಿಷಯದಲ್ಲಿ ಇಲ್ಲದಿರುವುದರಿಂದ ಅವರಿಗೆ ಉಳಿದ ದಾರಿ ನ್ಯಾಯಾಲಯವೊಂದೇ.

ಅಲ್ಲಿಯೂ ತೀರ್ಪುಗಳು ಒಂದೇ ದಿಕ್ಕಿನಲ್ಲಿ ಸಾಗಿಲ್ಲ. ಅರುಣಾಚಲದ ಚಕ್ಮಾ ಜನರ ಮೊಕದ್ದಮೆಯಲ್ಲಿ, ೧೯೯೬ರಲ್ಲಿ, ಸಂವಿಧಾನದ ೨೧ನೆಯ ಅನುಚ್ಛೇದವು ಪ್ರಜೆಯಲ್ಲದವನ ಪ್ರಾಣವನ್ನೂ ರಕ್ಷಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು ಸಾರಿತು. ೨೦೨೧ರ ಏಪ್ರಿಲ್ ೮ರಂದು, ಜಮ್ಮುವಿನಲ್ಲಿ ಬಂಧಿತರಾದ ರೋಹಿಂಗ್ಯಾ ಜನರ ವಿಷಯದಲ್ಲಿ, ಅದೇ ನ್ಯಾಯಾಲಯವು ೨೧ನೆಯ ಅನುಚ್ಛೇದವನ್ನು ಒಪ್ಪಿಯೂ, ಗಡೀಪಾರಾಗದಿರುವ ಹಕ್ಕು ದೇಶದಲ್ಲಿ ನೆಲಸುವ ಹಕ್ಕಿಗೆ ಸೇರಿದ್ದು, ಅದು ಪ್ರಜೆಗಳಿಗೆ ಮಾತ್ರ ಎಂದಿತು; ವಿಹಿತ ಕ್ರಮವನ್ನು ಅನುಸರಿಸದೆ ಕಳುಹಿಸಕೂಡದೆಂಬ ನಿಬಂಧನೆಯನ್ನಷ್ಟೇ ಉಳಿಸಿತು. ಆ ಕ್ರಮವೆಂದರೆ ಮುಖ್ಯವಾಗಿ, ಇವನು ತನ್ನವನೆಂದು ಮೂಲದೇಶವು ಒಪ್ಪಿ ಪತ್ರ ಕೊಡುವುದು. ೨೦೧೮ರ ಅಕ್ಟೋಬರಿನಲ್ಲಿ ಅಸ್ಸಾಮಿನ ಸೆರೆಯಲ್ಲಿದ್ದ ಏಳು ಮಂದಿಯನ್ನು ಮಣಿಪುರದ ಗಡಿಯಲ್ಲಿ ಬರ್ಮಾದ ಅಧಿಕಾರಿಗಳಿಗೆ ಒಪ್ಪಿಸಿದುದು ಇಂತಹ ಪತ್ರಗಳ ಬಲದಿಂದಲೇ.