ಕಂದು ಬಣ್ಣ ಹೇಳುವ ಕ್ಯಾನ್ಸರ್ ಸುಳಿವು

ನಮ್ಮ ಜೀವಕೋಶಗಳಲ್ಲಿ ಸದಾ ಎಚ್ಚರವಾಗಿರುವ ಒಬ್ಬ ಕಾವಲುಗಾರನಿದ್ದಾನೆ. ಹೆಸರು ‘ಪಿ-53’. 393 ಅಮೈನೊ ಆಮ್ಲಗಳನ್ನು ಪೋಣಿಸಿದಂತಿರುವ ಪ್ರೊಟೀನು ಇದು. ಕೋಶದ ಡಿಎನ್‌ಎಗೆ ಪೆಟ್ಟು ಬಿದ್ದರೆ ಪಿ-53 ಕೋಶವಿಭಜನೆಯನ್ನು ತಡೆದು ದುರಸ್ತಿಗೆ ಸಮಯ ಒದಗಿಸುತ್ತದೆ. ದುರಸ್ತಿ ಸಾಧ್ಯವೇ ಇಲ್ಲವೆಂದಾದರೆ ಆ ಕೋಶವೇ ಸಾಯುವಂತೆ ಮಾಡುತ್ತದೆ. ಇದನ್ನು ತಯಾರಿಸುವ ವಂಶವಾಹಿ ಇರುವುದು 17ನೆಯ ವರ್ಣತಂತುವಿನಲ್ಲಿ. ಮನುಷ್ಯನಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ವಂಶವಾಹಿ ಕೆಟ್ಟಿರುತ್ತದೆ.

ಸೂಕ್ಷ್ಮದರ್ಶಕದಲ್ಲಿ ಹಾಗೆಯೇ ನೋಡಿದರೆ ಪಿ-53 ಕಾಣಿಸದು. ಹಾಗಾದರೆ ಪತ್ತೆ ಹೇಗೆ? ಅದಕ್ಕೆ ಬೇಕು ಪ್ರತಿಕಾಯ.

ರೋಗಾಣು ಹೊಕ್ಕಾಗ ದೇಹ ಅದನ್ನು ಗುರುತಿಸಿ ಹಿಡಿಯಲು ಪ್ರತಿಕಾಯಗಳನ್ನು ತಯಾರಿಸುತ್ತದೆ. ಬೀಗಕ್ಕೆ ತಕ್ಕ ಕೀಲಿಕೈಯಂತೆ ಪ್ರತಿಯೊಂದೂ ತನ್ನ ಗುರಿಗೆ ಮಾತ್ರ ಅಂಟುತ್ತದೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್ ಪ್ರತಿಕಾಯ ತಯಾರಿಸುವ ಇಲಿಯ ಕೋಶವನ್ನು, ಕೊನೆಯಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದೊಡನೆ ಬೆಸೆದರು. ಈ ಮಿಶ್ರತಳಿ ಕೋಶ ಒಂದೇ ಬಗೆಯ ಪ್ರತಿಕಾಯವನ್ನು ಎಡೆಬಿಡದೆ ತಯಾರಿಸಿತು. ಕ್ಯಾನ್ಸರ್ ಕೋಶದ ದುರ್ಗುಣವೇ ಮುಂದೆ ಕ್ಯಾನ್ಸರ್ ಪತ್ತೆಗೆ ಒದಗಿ ಬಂತು! 1984ರ ನೊಬೆಲ್ ಪಾರಿತೋಷಕದಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ಪಿ-53 ಪತ್ತೆಗೆ ಹೆಚ್ಚಾಗಿ ಬಳಸುವ ‘ಡಿಓ-7’ ಪ್ರತಿಕಾಯ ಇದೇ ವಿಧಾನದ ಕೂಸು.

ರೋಗಿಯ ಗಡ್ಡೆಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಕೆಲವೇ ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ದು ಗಾಜಿನ ಪಟ್ಟಿಯ ಮೇಲೆ ಅಂಟಿಸುತ್ತಾರೆ. ಅದರ ಮೇಲೆ ಡಿಓ-7 ಹಾಕಿದರೆ ಅದು ಪಿ-53ಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಬಳಿಕ ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯ, ಕೊನೆಗೆ ಬಣ್ಣದ ರಾಸಾಯನಿಕ. ಪಿ-53 ಇದ್ದಲ್ಲಿ ಕೋಶಕೇಂದ್ರ ಕಂದಾಗುತ್ತದೆ.

ಇಲ್ಲೊಂದು ತೊಡಕಿದೆ. ಡಿಓ-7 ಒಳ್ಳೆಯ ಪಿ-53ಕ್ಕೂ ಅಂಟುತ್ತದೆ, ಕೆಟ್ಟದ್ದಕ್ಕೂ ಅಂಟುತ್ತದೆ. ಹಾಗಾದರೆ ವ್ಯತ್ಯಾಸ ತಿಳಿಯುವ ಬಗೆ? ಉತ್ತರ ಪ್ರೊಟೀನಿನ ಆಯುಷ್ಯದಲ್ಲಿದೆ. ಆರೋಗ್ಯವಂತ ಕೋಶದಲ್ಲಿ ತಯಾರಾದ ಪಿ-53 ಬೇಗನೆ ನಾಶವಾಗುತ್ತದೆ. ಅಲ್ಲೊಂದು ಇಲ್ಲೊಂದು ಕೋಶಕೇಂದ್ರದಲ್ಲಿ ತೆಳು ಕಂದು ಕಂಡೀತು. ವಂಶವಾಹಿ ಕೆಟ್ಟಾಗ ಅನೇಕ ಸಲ ದೋಷಯುಕ್ತ ಪ್ರೊಟೀನು ನಾಶವಾಗದೆ ರಾಶಿ ಬೀಳುತ್ತದೆ. ಆಗ ಗಡ್ಡೆಯ ಬಹುತೇಕ ಎಲ್ಲ ಕೋಶಕೇಂದ್ರಗಳೂ ಗಾಢ ಕಂದು.

ಹಾಗೆಂದು ‘ಬಣ್ಣ ಬಂದಿಲ್ಲ, ಗಾಬರಿಯಿಲ್ಲ’ ಎನ್ನುವಂತಿಲ್ಲ. ಕೆಲವು ಸಲ ವಂಶವಾಹಿ ಎಷ್ಟು ಹಾಳಾಗಿರುತ್ತದೆಂದರೆ ಪ್ರೊಟೀನು ತಯಾರಾಗುವುದೇ ಇಲ್ಲ. ಕಾವಲುಗಾರನೇ ನಾಪತ್ತೆ! ಪರೀಕ್ಷೆಯ ದೋಷದಿಂದಲೂ ಬಣ್ಣ ಬರದೆ ಹೋಗಬಹುದು. ಆದ್ದರಿಂದ ರೋಗತಜ್ಞರು ಅದೇ ಪಟ್ಟಿಯಲ್ಲಿರುವ ಆರೋಗ್ಯವಂತ ಕೋಶಗಳನ್ನೂ ನೋಡುತ್ತಾರೆ. ಅಲ್ಲಿ ತೆಳು ಕಂದಿದ್ದರೆ ಪರೀಕ್ಷೆ ಸರಿಯಾಗಿದೆ, ಗಡ್ಡೆಯಲ್ಲಿ ಮಾತ್ರ ಪಿ-53 ಇಲ್ಲ ಎಂದರ್ಥ.

ಮನೆಯಲ್ಲಿ ಯಾರದಾದರೂ ವರದಿಯಲ್ಲಿ ಪಿ-53 ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂದಿದ್ದರೆ ಆ ಒಂದು ಪದ ನೋಡಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ. ಕೋಶಗಳ ಆಕಾರ, ಬಣ್ಣ ಹರಡಿದ ರೀತಿ, ಇತರ ಪರೀಕ್ಷೆಗಳು ಎಲ್ಲವನ್ನೂ ಕೂಡಿಸಿ ನೋಡಿದ ವೈದ್ಯರನ್ನೇ ಅದರ ಅರ್ಥ ಕೇಳಬೇಕು.