ಕೂಣಿ

ಮೀನು ಹಿಡಿಯಲು ಮನುಷ್ಯನು ಎರಡು ಬಗೆಯ ಉಪಾಯಗಳನ್ನು ಕಂಡುಕೊಂಡಿದ್ದಾನೆ. ಮೀನನ್ನು ಮರುಳುಮಾಡಿ ತನ್ನೆಡೆಗೆ ಸೆಳೆಯುವುದು ಒಂದು. ಅದಿರುವಲ್ಲಿಗೇ ಹೋಗಿ ಸೆರೆಹಿಡಿಯುವುದು ಇನ್ನೊಂದು. ಫಿನ್ಲೆಂಡ್ ದೇಶದ ಲೌರಿ ರಪಾಲ ಎಂಬ ಮೀನುಗಾರನು 1936ರಲ್ಲಿ ಹಗುರವಾದ ಬೆಂಡನ್ನು ಕೆತ್ತಿ, ಚಾಕೊಲೇಟ್ ಸುತ್ತುವ ಹೊಳೆಯುವ ಹಾಳೆಯನ್ನು ಹೊದಿಸಿ, ಗಾಯಗೊಂಡ ಮರಿಮೀನಿನಂತೆ ಓಲಾಡುವ ಹುಸಿಮೀನನ್ನು ಮಾಡಿದನು. ತಿಳಿನೀರಿನಲ್ಲಿ ದೊಡ್ಡ ಮೀನು ಅದನ್ನು ಕಂಡು ಬಾಯಿ ಹಾಕುತ್ತದೆ. ಆದರೆ ಬೇಸಗೆಯಲ್ಲಿ ಬತ್ತಿ ಕೆಸರಾದ ಕೆರೆಯಲ್ಲಿ, ಮೀನಿನ ಕಣ್ಣನ್ನು ನಂಬಿದ ಉಪಾಯ ನಡೆಯುವುದು ಕಷ್ಟ. ಅಲ್ಲಿ ಎರಡನೆಯ ಉಪಾಯವೇ ಬೇಕು. 1942ರ ಸ್ವಾತಂತ್ರ್ಯ ಹೋರಾಟದಿಂದ ಹೆಸರಾದ ಈಸೂರು ಇರುವ ಶಿಕಾರಿಪುರ ಸೀಮೆಯಲ್ಲಿಯೂ ನೆರೆಯ ಸೊರಬ, ಸಾಗರಗಳಲ್ಲಿಯೂ ಅದಕ್ಕಾಗಿ ಬಳಸುವ ಬಿದಿರಿನ ಸಾಧನವೇ ಕೂಣಿ.

ಕೂಣಿಯು ಮೇಲೂ ಕೆಳಗೂ ತೆರೆದಿರುವ ಬುಟ್ಟಿ. ಅದರ ಕೆಳಬಾಯಿ ಅಗಲ, ಮೇಲ್ಬಾಯಿ ಕಿರಿದು. ಇದಕ್ಕೆ ಬಲಿತ ಬಿದಿರೇ ಆಗಬೇಕು. ಎಳೆಯ ಬಿದಿರು ಬೇಗ ಬಾಗುತ್ತದೆ, ಹುಳುವಿಗೂ ತುತ್ತಾಗುತ್ತದೆ. ಬಿದಿರನ್ನು ಉದ್ದಕ್ಕೆ ಸೀಳಿ, ಸಮನಾದ ಕಡ್ಡಿಗಳನ್ನಾಗಿ ಹೆರೆದು, ಬಳೆಯಾಕಾರದ ಪಟ್ಟಿಗಳಿಗೆ ಹುರಿಯಿಂದ ಬಿಗಿಯುತ್ತಾರೆ. ಕಡ್ಡಿಗಳ ನಡುವಣ ಎಡೆ ಹೆಚ್ಚಾದರೆ ಮೀನು ನುಸುಳಿಹೋಗುತ್ತದೆ. ತೀರ ಕಡಿಮೆಯಾದರೆ ನೀರು ಸರಾಗವಾಗಿ ಹಾಯುವುದಿಲ್ಲ. ಕೆಳತುದಿಗಳು ಕೆಸರಿನಲ್ಲಿ ನಾಟುವಂತೆ ಚೂಪಾಗಿರಬೇಕು. ಮೇಲ್ಬಾಯಿಯ ಅಂಚು ತೋಳನ್ನು ಗೀರದಂತೆ ನುಣುಪಾಗಿರಬೇಕು.

ಬಿಸಿಲೇರಿ ಕೆರೆಯ ನೀರು ಇಳಿದಾಗ ಊರಿನವರು ದಿನವನ್ನು ಗೊತ್ತುಮಾಡಿ ಸುತ್ತಲಿನ ಹಳ್ಳಿಗಳಿಗೆ ತಿಳಿಸುತ್ತಾರೆ. ಇದೇ ಕೆರೆಬೇಟೆ. ಕೂಣಿಯೊಂದಕ್ಕೆ ಇಂತಿಷ್ಟು ಎಂದು ಹಣ ತೆತ್ತು, ಸೂಚನೆ ದೊರೆತೊಡನೆ ಎಲ್ಲರೂ ಒಟ್ಟಿಗೆ ಕೆರೆಗೆ ಇಳಿಯುತ್ತಾರೆ. ಕೂಣಿಯನ್ನು ಎತ್ತಿ ಕೆಸರಿಗೆ ಒತ್ತಿದಾಗ, ಒಳಗೆ ಸಿಲುಕಿದ ಮೀನು ದಾರಿಗಾಣದೆ ಕಡ್ಡಿಗಳಿಗೆ ಬಡಿಯುತ್ತದೆ. ಆ ಬಡಿತ ಹಿಡಿದ ಕೈಗೆ ತಿಳಿಯುತ್ತದೆ. ಆಗ ಮೇಲ್ಬಾಯಿಯಿಂದ ತೋಳನ್ನು ಇಳಿಸಿ ಮೀನನ್ನು ಹಿಡಿಯುತ್ತಾರೆ. ಕೊರವ, ಚೇಳುಮೀನುಗಳು ಮೇಲಿನ ಗಾಳಿಯನ್ನೂ ಉಸಿರಾಡಬಲ್ಲವಾದುದರಿಂದ ಅಲ್ಪ ನೀರಿನಲ್ಲಿಯೂ ಬದುಕಿರುತ್ತವೆ. ಚೇಳುಮೀನಿನ ರೆಕ್ಕೆಯಲ್ಲಿ ವಿಷದ ಮುಳ್ಳಿರುವುದರಿಂದ ಕೈ ಹಾಕುವವನಿಗೆ ಧೈರ್ಯದಷ್ಟೇ ಎಚ್ಚರವೂ ಬೇಕು. ಇಂಥದೇ ಬುಟ್ಟಿಯನ್ನು ಅಸ್ಸಾಮಿನ ಜನರೂ ಬಳಸುತ್ತಾರೆ. ಅಲ್ಲಿ ಅದರ ಹೆಸರು ‘ಪೊಲೊ’.

ಕೂಣಿಯಲ್ಲಿ ಒಂದು ವಿವೇಕವಿದೆ. ಅದು ಒಮ್ಮೆಗೆ ಮುಚ್ಚುವುದು ಒಂದೇ ಎಡೆಯನ್ನು. ಸಿಕ್ಕಿದ್ದು ಮರಿಯಾದರೆ ಕೈಯೇ ಅದನ್ನು ಅರಿತು ಬಿಟ್ಟುಬಿಡಬಹುದು. ನೀರಿಗೆ ವಿಷ ಬೆರೆಸಿದರೆ, ಸಿಡಿಮದ್ದು ಸಿಡಿಸಿದರೆ ಮರಿ, ತಾಯಿ ಎಂಬ ಭೇದವಿಲ್ಲದೆ ಎಲ್ಲವೂ ಸಾಯುತ್ತವೆ. 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವು ಈ ಎರಡನ್ನೂ ಅಪರಾಧವೆಂದು ಸಾರಿತು. ಮುಂಗಾರಿನಲ್ಲಿ ಮೊಟ್ಟೆಯಿಡಲು ಕೆಲವು ಮೀನುಗಳಾದರೂ ಉಳಿದರೆ ತಾನೇ ಮರುವರ್ಷದ ಬೇಟೆ?

ಮೀನು ಉಳಿಯಬೇಕಾದರೆ ಮೊದಲು ಕೆರೆ ಉಳಿಯಬೇಕು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಕದಂಬ ದೊರೆ ಕಾಕುಸ್ಥವರ್ಮನು ಅಲ್ಲಿ ಕೆರೆಯನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ಅದು 5ನೆಯ ಶತಮಾನದ ಮಾತು. ಅಂದಿನಿಂದ ಎಷ್ಟೋ ತಲೆಮಾರುಗಳು ಕೆರೆಗಳನ್ನು ಕಟ್ಟಿ, ಹೂಳೆತ್ತಿ, ಏರಿಯನ್ನು ಕಾಯ್ದುಕೊಂಡು ಬಂದುದರಿಂದಲೇ ಇಂದಿಗೂ ಗದ್ದೆಗೆ ನೀರು, ಕೂಣಿಗೆ ಮೀನು ದೊರೆಯುತ್ತಿವೆ. ಒಂದು ಕೂಣಿಯನ್ನು ಒಬ್ಬನೇ ಮನೆಯಂಗಳದಲ್ಲಿ ಕುಳಿತು ಹೆಣೆಯಬಲ್ಲನು. ಕೆರೆಯನ್ನು ಕಾಯಲು ಮಾತ್ರ ಇಡೀ ಊರೇ ಬೇಕು.